ನೆಟ್ಟಗೆ ಮಾಡಿದ ಹೂವು

ಗೌರಿ ಹೂವನ್ನು ನೋಡದ ಮಲೆನಾಡಿನವರು ಇರಲಿಕ್ಕಿಲ್ಲ. ಮಳೆ ಹಿಡಿದ ಮೇಲೆ ಬೇಲಿಯಲ್ಲಿ, ಬೇಣದಲ್ಲಿ, ಕಾನಿನಂಚಿನಲ್ಲಿ ಹಬ್ಬಿ, ಭಾದ್ರಪದದ ಗೌರಿ ಹಬ್ಬದ ಹೊತ್ತಿಗೆ ಹಳದಿ ಕೆಂಪಾಗಿ ಅರಳಿರುತ್ತದೆ. ಅಗ್ನಿಶಿಖೆ ಅಂತಲೂ ಕೋಳಿಕುಟುಮ ಅಂತಲೂ ಕರೆಯುತ್ತಾರೆ. ಸಸ್ಯಶಾಸ್ತ್ರದವರಿಗೆ ಅದು ಗ್ಲೋರಿಯೋಸಾ ಸುಪರ್ಬಾ. ಗೆಡ್ಡೆ ವಿಷ, ಮುಟ್ಟಿದರೆ ಕೈ ತೊಳಿ ಅಂತ ಅಮ್ಮ ಗದರುತ್ತಿದ್ದದ್ದು ನೆನಪಿದೆ. ಹುಟ್ಟಿದಾಗಿನಿಂದ ನೋಡಿದ ಹೂವು, ಅದನ್ನು ಬರೆಯುವುದು ಏನು ಮಹಾ ಎಂಬ ಧೈರ್ಯದಲ್ಲೇ ನಾನು ಕೆಟ್ಟೆ.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ನಮ್ಮ ಊರಿನ ಹತ್ತಿರವೇ ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕಿಯೊಬ್ಬರಿದ್ದಾರೆ. ಊರಿಗೆಲ್ಲ ಅವರು ಮೇಡಂ. ಕೆಲವು ವರ್ಷಗಳ ಹಿಂದೆ ಅವರು ನಮ್ಮ ಕಡೆಯ ಬಳ್ಳಿಗಳ ಬಗ್ಗೆ ಪುಸ್ತಕ ಮಾಡಲು ಹೊರಟು, ಚಿತ್ರ ಬರೆದುಕೊಡಿ ಎಂದು ಮನೆಗೇ ಬಂದರು. ಫೋಟೋ ತೆಗೆಸಿದರೆ ಆಗಲ್ವಾ ಅಂತ ಕೇಳಿದೆ. ಕೆಲಸ ಬಿಟ್ಟುಕೊಡುವ ಉದ್ದೇಶವೇನೂ ಇರಲಿಲ್ಲ, ಮಾತಿಗೆ ಕೇಳಿದ್ದು. “ಫೋಟೋ ಒಂದು ಗಿಡದ್ದು, ಒಂದು ದಿನದ್ದು ಮೇಷ್ಟ್ರೇ. ನಂಗೆ ಬೇಕಿರೋದು ಆ ಜಾತಿಯದ್ದು. ಗೆಡ್ಡೆ, ಮೊಗ್ಗು, ಹೂವು, ಕಾಯಿ, ಬೀಜ ಎಲ್ಲ ಒಂದೇ ಹಾಳೇಲಿ ಬರ್ಬೇಕು. ಅದು ಕ್ಯಾಮೆರಾಗೆ ಆಗಲ್ಲ, ಕೈಗೆ ಆಗತ್ತೆ” ಅಂದರು. ಕೊನೆಯ ಮಾತು ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ನನ್ನ ಕೈಯನ್ನು ಹೊಗಳಿದರು ಅಂದುಕೊಂಡೆ. ಮೊದಲ ವಾಕ್ಯದಲ್ಲೇ ಇಡೀ ಕೆಲಸದ ಗುಟ್ಟು ಹೇಳಿಬಿಟ್ಟಿದ್ದರು ಅಂತ ಗೊತ್ತಾಗಲು ಬಹಳ ಕಾಲ ಹಿಡಿಯಿತು.

ಆಗ ನನ್ನ ಕೋಣೆಯ ಗೋಡೆಯ ತುಂಬ ಎರ್ನ್‌ಸ್ಟ್ ಹೆಕಲ್‌ನ ಚಿತ್ರಗಳು. ಜರ್ಮನಿಯ ಪ್ರಾಣಿಶಾಸ್ತ್ರಜ್ಞ, ಅಷ್ಟೇ ದೊಡ್ಡ ಚಿತ್ರಕಾರ. ನಿಸರ್ಗದ ಕಲಾರೂಪಗಳನ್ನು ತೋರಿಸುವ ಅವನ ನೂರು ಫಲಕಗಳು 1899ರಿಂದ 1904ರವರೆಗೆ ಕಂತುಕಂತಾಗಿ ಪ್ರಕಟವಾದವು. ಕಡಲಿನ ಏಕಕೋಶ ಜೀವಿಗಳು, ಅಂಬಲಿ ಮೀನು, ನಕ್ಷತ್ರ ಮೀನು ಎಲ್ಲವೂ ಚುಕ್ಕಿ ಎಣಿಸಿ ಹಾಕಿದ ರಂಗೋಲಿಯ ಹಾಗೆ ಅಲ್ಲಿ ಕೂತಿವೆ. 1900ರ ಪ್ಯಾರಿಸ್ ವಸ್ತುಪ್ರದರ್ಶನದ ಹೆಬ್ಬಾಗಿಲನ್ನು ರೆನೆ ಬಿನೆ ಎಂಬ ವಾಸ್ತುಶಿಲ್ಪಿ ಕಟ್ಟಿದ್ದು ಹೆಕಲ್ ಬರೆದ ರೇಡಿಯೋಲೇರಿಯಾ ಎಂಬ ಏಕಕೋಶ ಜೀವಿಗಳ ಚಿತ್ರಗಳಿಂದ ಸ್ಫೂರ್ತಿ ಪಡೆದು. ಇರುವುದಕ್ಕಿಂತ ಹೆಚ್ಚು ಅಚ್ಚುಕಟ್ಟು ಮಾಡುತ್ತಾನೆ ಎಂಬ ಆರೋಪವೂ ಹೆಕಲ್ ಮೇಲೆ ಇತ್ತು. ಅದು ನನಗೆ ಗೊತ್ತಿದ್ದರೂ ತಲೆ ಕೆಡಿಸಿಕೊಳ್ಳಲಿಲ್ಲ. ನಿಸರ್ಗ ಅಂದರೆ ಸಮತೋಲ, ಅದನ್ನು ಎತ್ತಿ ತೋರಿಸುವವನು ಕಲಾವಿದ, ಇದು ನನ್ನ ಆಗಿನ ಸಿದ್ಧಾಂತ. ಮಕ್ಕಳಿಗೂ ಅದನ್ನೇ ಹೇಳಿಕೊಡುತ್ತಿದ್ದೆ.

ಗೌರಿ ಹೂವಿನ ಬಳ್ಳಿಯೊಂದನ್ನು ಕತ್ತರಿಸಿ ಚೀಲದಲ್ಲಿ ಹಾಕಿ ತಂದೆ. ಚೊಂಬಿನ ನೀರಿನಲ್ಲಿಟ್ಟು ಕೂತೆ. ಈ ಹೂವು ತಲೆ ತಗ್ಗಿಸಿಕೊಂಡಿರುತ್ತದೆ. ತೊಟ್ಟಿನ ತುದಿ ಬಾಗಿ ಅಂಡಾಶಯ ನೆಲದ ಕಡೆ ತೂಗುತ್ತದೆ. ಅಲೆಯಂಚಿನ ಆರು ಎಸಳು ಹಿಂದಕ್ಕೆ ಮಡಚಿ ಮೇಲಕ್ಕೆ ಏಳುತ್ತವೆ. ಆರು ಕೇಸರಗಳು ಸುತ್ತಲೂ ಅಡ್ಡಡ್ಡ ಚಾಚಿರುತ್ತವೆ. ಇಷ್ಟನ್ನು ನಾನು ಚೆನ್ನಾಗಿಯೇ ಬರೆದೆ. ಆದರೆ ಅಂಡಾಶಯದ ತುದಿಯಿಂದ ಹೊರಡುವ ಕಡ್ಡಿ, ಅಂದರೆ ಶಲಾಕಾನಳಿಕೆ, ಬುಡದಲ್ಲೇ ಮುರಿದಂತೆ ಪಕ್ಕಕ್ಕೆ ಹೊರಳಿತ್ತು. ಹೆಚ್ಚುಕಡಿಮೆ ಲಂಬಕೋನ. ಚೀಲದಲ್ಲಿ ತರುವಾಗ ಒತ್ತಿ ಮುರಿಯಿತು ಅಂದುಕೊಂಡೆ. ದಾಸವಾಳದಲ್ಲಿ ನೋಡಿ, ನಟ್ಟನಡುವೆ ನೆಟ್ಟಗೆ ಬಂದಿರುತ್ತದೆ. ಹಾಗೆಯೇ ಇರಬೇಕು. ಬೆರಳಿನಿಂದ ಒಂದು ಸಲ ಸರಿಮಾಡಿ ನೋಡಿದೆ, ನಿಲ್ಲಲಿಲ್ಲ. ಹೂವಿನಲ್ಲಿ ನಿಲ್ಲದಿದ್ದರೇನು, ಹಾಳೆಯಲ್ಲಿ ನಿಂತಿತು.

ಎಲೆಗಳು ನನ್ನ ಬಳ್ಳಿಯಲ್ಲಿ ಒಂದೆಡೆ ಎದುರುಬದುರು, ಇನ್ನೊಂದೆಡೆ ಒಂದಾದ ಮೇಲೊಂದು, ಮತ್ತೊಂದು ಗೆಣ್ಣಿನಲ್ಲಿ ಮೂರು. ಎಲ್ಲವನ್ನೂ ಜೋಡಿ ಮಾಡಿದೆ. ಇನ್ನು ಬಣ್ಣ. ನಿಧಾನವಾಗಿ ಬರೆಯುವ ಕೈ ನನ್ನದು. ಸ್ಕೂಲು ಮುಗಿಸಿ ಬಂದು ದಿನಾ ಸಂಜೆ ಒಂದಿಷ್ಟು. ಗೌರಿ ಹೂವು ಅಷ್ಟು ಹೊತ್ತು ಕಾಯುವ ಪೈಕಿಯಲ್ಲ. ಬಿರಿದಾಗ ಹಸಿರು ಮಿಶ್ರಿತ ಹಳದಿ, ಆಮೇಲೆ ತುದಿಗೆ ಕೆಂಪೇರಿ, ಕೊನೆಗೆ ಪೂರ್ತಿ ಕೆಂಪು. ನನ್ನ ಹೂವಿನ ಎಡಗಡೆಯ ಎಸಳು ಸೋಮವಾರದ್ದಾದರೆ ಬಲಗಡೆಯದ್ದು ಗುರುವಾರದ್ದು. ನೋಡಿದವರೆಲ್ಲ ಏನು ಬಣ್ಣ, ಏನು ಬಣ್ಣ ಅಂದರು.

ಮೇಡಂ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕುತ್ತಿಗೆಗೆ ದಾರ ಕಟ್ಟಿ ನೇತುಹಾಕಿಕೊಂಡಿದ್ದ ಲೆನ್ಸನ್ನು ಅಭ್ಯಾಸಬಲದಿಂದ ಕೈಗೆತ್ತಿಕೊಂಡು, ಬೇಡವೆನಿಸಿ ಬಿಟ್ಟರು.

“ಇದು ಯಾವ ಬಳ್ಳಿ ಮೇಷ್ಟ್ರೇ?”

“ಗೌರಿ ಹೂ ಮೇಡಂ.”

“ಅಲ್ವಲ್ಲ.”

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಆ ಕಡ್ಡಿಯ ಮೇಲೆ ಬೆರಳಿಟ್ಟು, “ಇದು ನೆಟ್ಟಗಿರೋ ಗೌರಿ ಹೂವನ್ನ ನಾನಂತೂ ಕಂಡಿಲ್ಲ. ಈ ಕುಲ ಗುರುತು ಹಿಡಿಯೋದೇ ಆ ಸೊಟ್ಟದಿಂದ. ಅದನ್ನೇ ತೆಗೆದುಬಿಟ್ರಲ್ಲ” ಅಂದರು. ಮುರಿದಿತ್ತು ಮೇಡಂ, ನಾನು ಸರಿ ಮಾಡಿದೆ ಅಂದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಇನ್ನೊಂದು ಬರೆಯಿರಿ, ಇದ್ದದ್ದು ಇದ್ದ ಹಾಗೆ ಬರೆಯಿರಿ ಎಂದು ಎದ್ದು ಹೋದರು.

ಬರೆದೆ. ಸಿಟ್ಟಿನಲ್ಲಿ ಬರೆದೆ. ಹೊಸ ಬಳ್ಳಿ ತಂದು ಕಂಡದ್ದನ್ನೆಲ್ಲ ಇಳಿಸಿದೆ. ಸೊಟ್ಟ ಕಡ್ಡಿ ಬಂತು. ಹುಳ ತಿಂದ ಎಲೆಯ ತೂತೂ ಬಂತು, ಗಾಳಿಗೆ ಸೀಳಿದ ಅಂಚೂ ಬಂತು, ಒಂದು ಎಸಳಿನ ಮೇಲಿನ ಕಂದು ಮಚ್ಚೆಯೂ ಬಂತು. ಒಂದೂ ಬಿಡಲಿಲ್ಲ. ಈ ಸಲ ಮೇಡಂ ನಕ್ಕರು. “ಇದು ಮಹಜರಾಯ್ತು ಮೇಷ್ಟ್ರೇ. ಈ ತೂತು ಈ ಒಂದು ಎಲೆಯ ಹಣೆಬರಹ, ಗೌರಿ ಹೂವಿನ ಲಕ್ಷಣ ಅಲ್ಲ.”

ನೆಟ್ಟಗೆ ಮಾಡಿದರೂ ತಪ್ಪು, ಇದ್ದ ಹಾಗೆ ಮಾಡಿದರೂ ತಪ್ಪು. ಹಾಗಾದರೆ ಬಾಗಿದ ಕಡ್ಡಿ ಲಕ್ಷಣ, ತೂತು ಆಕಸ್ಮಿಕ ಎಂದು ನಿಮಗೆ ಹೇಗೆ ಗೊತ್ತಾಯಿತು ಎಂದು ಆಗ ಕೇಳಬೇಕಿತ್ತು. ಅದೊಂದು ಪ್ರಶ್ನೆ ಕೇಳಿದ್ದರೆ ಕೆಲಸ ಉಳಿಯುತ್ತಿತ್ತು. ನಾನು ಕೇಳಿದ್ದು, “ನಿಮಗೆ ಚಿತ್ರ ಬೇಕಾ, ರಿಪೋರ್ಟ್ ಬೇಕಾ?” ಎಂದು. ಮುಂಗಡ ಹಣ ಟೇಬಲ್ಲಿನ ಮೇಲಿಟ್ಟು ಬಂದೆ. ಸಂಜೆ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ, ವಿಜ್ಞಾನದವರಿಗೆ ರಸ ಅನ್ನುವುದೇ ಗೊತ್ತಿಲ್ಲ ಮಾರಾಯ, ಅವರಿಗೆ ಹೂವು ಅಂದರೆ ಬಿಡಿಭಾಗಗಳ ಪಟ್ಟಿ ಅಂತ ಜೋರಾಗಿಯೇ ಹೇಳಿದೆ. ಸಣ್ಣ ಊರು. ಆ ಮಾತು ಮರುದಿನವೇ ಅವರ ಮನೆ ತಲುಪಿತ್ತು.

ಪುಸ್ತಕ ಬಂತು. ಎಂ.ಎಸ್ಸಿ. ಓದುತ್ತಿದ್ದ ಹುಡುಗಿಯೊಬ್ಬಳು ಚಿತ್ರ ಬರೆದಿದ್ದಳು. ಗ್ರಂಥಾಲಯದಲ್ಲಿ ಯಾರೂ ನೋಡದ ಹೊತ್ತು ನೋಡಿ ತೆಗೆದು ನೋಡಿದೆ. ಗೆರೆ ನನ್ನದೇ ಚೆನ್ನ, ಈಗಲೂ ಹೇಳುತ್ತೇನೆ. ಆದರೆ ಆ ಹುಡುಗಿ ಪುಟದ ಕೆಳಗೆ ಒಂದು ಚಿಕ್ಕ ಚಿತ್ರ ಹಾಕಿದ್ದಳು: ಎಸಳುಗಳನ್ನೆಲ್ಲ ಕಿತ್ತ ಹೂವು. ನಡುವೆ ಅಂಡಾಶಯ, ಸುತ್ತ ಆರು ಕೇಸರಗಳು, ಅವುಗಳ ನಡುವೆ ಏಳನೆಯದಾಗಿ ಆ ಬಾಗಿದ ಕಡ್ಡಿ, ಕೇಸರಗಳ ಮಟ್ಟದಲ್ಲೇ ಚಾಚಿಕೊಂಡು. ಇಷ್ಟು ವರ್ಷ ನೋಡಿಯೂ ನಾನು ಕಾಣದ ವಿನ್ಯಾಸ ಅದು. ಸೊಟ್ಟ ಅನ್ನಿಸಿದ್ದು ಒಂದು ಚಕ್ರದ ಭಾಗ.

ಆ ಚಕ್ರ ಯಾಕಿದೆ ಅಂತ ತಿಳಿದದ್ದು ಇನ್ನೂ ತಡವಾಗಿ. ದಕ್ಷಿಣ ಆಫ್ರಿಕಾದ ಸಂಶೋಧಕರು ಇದೇ ಹೂವಿನ ಮೇಲೆ ಕೆಲಸ ಮಾಡಿ 2020ರಲ್ಲಿ ಪ್ರಕಟಿಸಿದ್ದಾರೆ. ಮಕರಂದ ಇರುವುದು ಎಸಳುಗಳ ಬುಡದಲ್ಲಿ. ತಲೆಕೆಳಗಾಗಿ ತೂಗುವ ಹೂವಿಗೆ ಚಿಟ್ಟೆ ಬರುವುದು ಪಕ್ಕದಿಂದ. ಮಕರಂದಕ್ಕೆ ಬಾಯಿ ಹಾಕುವಾಗ ಅದರ ರೆಕ್ಕೆ ಹೊರಗೆ ಚಾಚಿದ ಪರಾಗಕೋಶಗಳಿಗೆ ಸವರುತ್ತದೆ. ಇನ್ನೊಂದು ಹೂವಿಗೆ ಹೋದಾಗ ಅದೇ ರೆಕ್ಕೆ ಬಾಗಿದ ಕಡ್ಡಿಯ ತುದಿಗೆ, ಶಲಾಕಾಗ್ರಕ್ಕೆ, ತಾಗುತ್ತದೆ. ಮೈಗಲ್ಲ, ಕಾಲಿಗಲ್ಲ, ರೆಕ್ಕೆಗೆ ಮೆತ್ತಿಕೊಂಡು ಹೋಗುವ ಪರಾಗ. ಕಡ್ಡಿ ನನ್ನ ಚಿತ್ರದಲ್ಲಿದ್ದಂತೆ ನಟ್ಟನಡುವೆ ಕೆಳಕ್ಕೆ ಇಳಿದಿದ್ದರೆ ರೆಕ್ಕೆಗೆ ಎಟುಕುತ್ತಿರಲಿಲ್ಲ. ನನ್ನ ಹೂವು ಚೆನ್ನಾಗಿಯೇ ಇತ್ತು, ಬೀಜ ಕಟ್ಟುತ್ತಿರಲಿಲ್ಲ ಅಷ್ಟೆ.

ನನ್ನನ್ನು ನಿಜವಾಗಿ ಅಲುಗಿಸಿದ್ದು ಮಾತ್ರ ಈ ವಿವರಣೆಯಲ್ಲ, ತೂತು. ಮರಿಯಾ ಸಿಬಿಲ್ಲಾ ಮೇರಿಯನ್ ಎಂಬ ಹೆಂಗಸಿನ ಚಿತ್ರಗಳು ಕಣ್ಣಿಗೆ ಬಿದ್ದವು. 1647ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದವಳು. ಹದಿಮೂರರ ವಯಸ್ಸಿಗೇ ರೇಷ್ಮೆಹುಳ ಸಾಕಿ, ಅದು ಕೋಶ ಕಟ್ಟುವುದನ್ನೂ ಪತಂಗವಾಗುವುದನ್ನೂ ನೋಡಿ ಬರೆದಿಟ್ಟವಳು. ಹುಳಹುಪ್ಪಟೆ ಕೊಳೆತದ್ದರಿಂದ ತಾನೇ ಹುಟ್ಟುತ್ತದೆ ಎಂದು ಬಹಳ ಜನ ನಂಬಿದ್ದ ಕಾಲ ಅದು. 1699ರಲ್ಲಿ, ಐವತ್ತೆರಡರ ಹರೆಯದಲ್ಲಿ, ಕಿರಿಯ ಮಗಳನ್ನು ಕರೆದುಕೊಂಡು ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹಡಗು ಹತ್ತಿದಳು. ಆರೋಗ್ಯ ಕೆಟ್ಟು 1701ರಲ್ಲಿ ಮರಳಿ, 1705ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅರವತ್ತು ಫಲಕಗಳ ಪುಸ್ತಕ ಹೊರತಂದಳು. ಆ ಪುಟಗಳಲ್ಲಿ ಗಿಡ, ಗಿಡದ ಮೇಲೆ ಮರಿಹುಳ, ಕೋಶ, ಚಿಟ್ಟೆ ಎಲ್ಲ ಒಟ್ಟಿಗೆ ಇರುತ್ತವೆ. ಯಾವ ಹುಳ ಯಾವ ಗಿಡದ್ದು ಎಂಬುದು ಅವಳಿಗೆ ಮುಖ್ಯ.

ಅವಳ ಎಲೆಗಳಿಗೆ ತೂತಿದೆ. ಅಂಚು ಕಚ್ಚಿದೆ, ನಡುವೆ ಕೊರೆದಿದೆ. ಮೊದಲು ನನಗೆ ಖುಷಿಯಾಯಿತು: ನೋಡಿದಿರಾ ಮೇಡಂ, ಮುನ್ನೂರು ವರ್ಷದ ಹಿಂದೆಯೇ ಇವಳು ತೂತು ಬರೆದಿದ್ದಾಳೆ! ಆಮೇಲೆ ಮುಖ ಸಣ್ಣದಾಯಿತು. ಮೇರಿಯನ್ ತೂತು ಬರೆದದ್ದು ಅದನ್ನು ಯಾರು ಮಾಡಿದರು ಅಂತ ಗೊತ್ತಿದ್ದು, ಆ ಹುಳವನ್ನು ಡಬ್ಬಿಯಲ್ಲಿ ಸಾಕಿ, ಅದು ಏನು ತಿನ್ನುತ್ತದೆ ಏನಾಗುತ್ತದೆ ನೋಡಿದ ಮೇಲೆ. ನಾನು ಬರೆದದ್ದು ತೂತು ಅಲ್ಲಿತ್ತು ಅಂತ. ಗಿಡದ ಜಾತಿ ಗುರುತಿಸುವವರಿಗೆ ತೂತು ಕಸ; ಗಿಡಕ್ಕೂ ಹುಳಕ್ಕೂ ಇರುವ ನಂಟು ಹುಡುಕುವವರಿಗೆ ಅದೇ ವಿಷಯ. ನಾನು ಏನನ್ನು ಹುಡುಕುತ್ತಿದ್ದೆ? ಹೊಗಳಿಕೆ ಬಿಟ್ಟರೆ ಬೇರೇನೂ ನೆನಪಾಗುವುದಿಲ್ಲ.

ಅವಳೂ ಎಡವಿದ್ದಾಳೆ. ಒಂದು ಫಲಕದಲ್ಲಿ ಜೀರುಂಡೆಯ ಮೈಗೆ ಲ್ಯಾಂಟರ್ನ್ ಹುಳದ ತಲೆ ಕೂತಿದೆ. ಅಂಥ ಪ್ರಾಣಿ ಭೂಮಿಯ ಮೇಲಿಲ್ಲ. ಹಕ್ಕಿಯನ್ನು ತಿನ್ನುವ ಜೇಡದ ಚಿತ್ರವನ್ನೂ ಕಟ್ಟುಕತೆ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಗೇಲಿ ಮಾಡಿದರು. ಹೆನ್ರಿ ವಾಲ್ಟರ್ ಬೇಟ್ಸ್ ಎಂಬ ನಿಸರ್ಗತಜ್ಞ ಅಮೆಜಾನಿನಲ್ಲಿ ಅಂಥ ಜೇಡವನ್ನು ಕಣ್ಣಾರೆ ಕಂಡು 1863ರ ತನ್ನ ಪುಸ್ತಕದಲ್ಲಿ ಬರೆದ ಮೇಲೆ ಗೇಲಿ ನಿಂತಿತು. ಚಿತ್ರವನ್ನು ತಪ್ಪು ಎನ್ನುವುದಕ್ಕೂ ಸರಿ ಎನ್ನುವುದಕ್ಕೂ ಕಾಡಿಗೇ ಹೋಗಬೇಕಾಯಿತು ಅನ್ನುವುದು ನನಗೆ ಹಿಡಿಸಿತು. ನನ್ನ ಚಿತ್ರಗಳ ಬಗ್ಗೆ ಅಲ್ಲಿಯವರೆಗೆ ಜಗಳ ನಡೆದದ್ದೆಲ್ಲ ಹೋಟೆಲಿನಲ್ಲಿ.

ಆ ಮಳೆಗಾಲ ನೋಟ್‌ಬುಕ್ ಹಿಡಿದು ಬೇಲಿ ಸುತ್ತಿದೆ. ಚಿತ್ರ ಬರೆಯಲಿಲ್ಲ, ಬರೀ ಲೆಕ್ಕ. ಶಾಲೆಯ ಮಕ್ಕಳು ಜೊತೆಗೆ ಬಂದರು. ಗೆಡ್ಡೆ ಮುಟ್ಟಬೇಡಿ ಎಂದು ನಾನೂ ಗದರಿದೆ. ಅದರಲ್ಲಿರುವ ಕಾಲ್ಚಿಸಿನ್ ಗೌಟ್ ಎಂಬ ಕೀಲುನೋವಿಗೆ ಮದ್ದು, ಪ್ರಮಾಣ ಮೀರಿದರೆ ಕೊಲ್ಲುತ್ತದೆ. ಕಡ್ಡಿ ಬಾಗಿದೆಯಾ? ಬಾಗಿದೆ. ಇದರಲ್ಲಿ? ಬಾಗಿದೆ. ನೆಟ್ಟಗಿರುವ ಒಂದಾದರೂ ಸಿಕ್ಕೀತು ಎಂದು ಒಳಗೊಳಗೇ ಆಸೆ. ಸಿಗಲಿಲ್ಲ. ಎಲೆಗಳಲ್ಲಿ ಮಾತ್ರ ಕತೆ ಬೇರೆ: ಒಂದೇ ಬಳ್ಳಿಯಲ್ಲಿ ಒಂಟಿ, ಜೋಡಿ, ಮೂರರ ಸುತ್ತು ಎಲ್ಲ ಇರುತ್ತವೆ. ಈ ಗಿಡದಲ್ಲಿ ಅಸ್ತವ್ಯಸ್ತವೇ ನಿಯಮ, ಜೋಡಿ ಮಾಡಿದವನು ನಾನು. ಕೆಳಗಿನ ಎಲೆಗಳ ತುದಿ ಸುಮ್ಮನೆ ಚೂಪಾಗಿರುತ್ತದೆ. ಮೇಲಕ್ಕೆ ಹೋದಂತೆ ಅದೇ ತುದಿ ನೀಳವಾಗಿ ಸುರುಳಿ ಸುತ್ತಿ, ಸಿಕ್ಕ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ. ಮೊದಲ ಚಿತ್ರದಲ್ಲಿ ಬುಡದಿಂದ ತುದಿಯವರೆಗೆ ಎಲ್ಲ ಎಲೆಗೂ ಸುರುಳಿ ಹಾಕಿದ್ದೆ, ಅಂದಕ್ಕೆ. ಡಾರ್ವಿನ್ ಹಬ್ಬುವ ಗಿಡಗಳ ಚಲನೆಯ ಬಗ್ಗೆ 1865ರಲ್ಲಿ ಬರೆದಾಗ ಇದೇ ಕುಲದ ಗಿಡವೊಂದರ ಎಲೆತುದಿಯ ಕೊಕ್ಕೆಯನ್ನು ಕೂತು ಗಮನಿಸಿದ್ದಾನೆ. ಎರಡು ಕಡೆ ಕಟ್ಟಿಕೊಂಡ ಕುಡಿಬಳ್ಳಿಯ ಸುರುಳಿ ಅರ್ಧ ದಾರಿಯಲ್ಲಿ ದಿಕ್ಕು ಬದಲಿಸುತ್ತದೆ ಎಂಬುದನ್ನೂ ಅವನು ಅಲ್ಲಿ ವಿವರಿಸುತ್ತಾನೆ. ಹಿತ್ತಲಿನ ಸೌತೆ ಚಪ್ಪರಕ್ಕೆ ಹೋಗಿ ನೋಡಿದೆ. ಹೌದು, ಅರ್ಧ ಈ ಕಡೆ, ನಡುವೆ ಒಂದು ಚಿಕ್ಕ ನೇರ ತುಂಡು, ಇನ್ನರ್ಧ ಆ ಕಡೆ. ಎರಡು ತುದಿಯೂ ಕಟ್ಟಿದ ಮೇಲೆ ತಿರುಚು ಒಂದೇ ಕಡೆ ಹೋಗಲು ಸಾಧ್ಯವಿಲ್ಲ. ಇಷ್ಟು ವರ್ಷ ಕ್ಲಾಸಿನಲ್ಲಿ ಸ್ಪ್ರಿಂಗ್ ಬರೆದ ಹಾಗೆ ಬರೆಸುತ್ತಿದ್ದೆ.

ಅಂದರೆ ಒಂದು ಗಿಡವನ್ನು ಎಷ್ಟೇ ಹೊತ್ತು ದಿಟ್ಟಿಸಿದರೂ ಯಾವುದು ಅದರ ಸ್ವಭಾವ, ಯಾವುದು ಅದರ ಆಪತ್ತು ಎಂದು ತಿಳಿಯುವುದಿಲ್ಲ. ಕಣ್ಣು ಚುರುಕಿರುವುದು ಬೇರೆ, ಹೋಲಿಸಿ ನೋಡುವುದು ಬೇರೆ. ನಾವು ಕಲಾಶಾಲೆಯಲ್ಲಿ ಕಲಿತದ್ದು ಮೊದಲನೆಯದನ್ನು. ಒಂದೇ ಹೂದಾನಿಯ ಮುಂದೆ ದಿನಗಟ್ಟಲೆ ಕೂರಿಸುತ್ತಿದ್ದರು. ಲಿಯೊನಾರ್ಡೊ ಎಷ್ಟೋ ಗಿಡಗಳಲ್ಲಿ ಆರನೆಯ ಎಲೆ ಮೊದಲ ಎಲೆಯ ನೇರಕ್ಕೆ ಬರುತ್ತದೆ ಎಂದು ಟಿಪ್ಪಣಿಯಲ್ಲಿ ಬರೆದಿಟ್ಟದ್ದು ಒಂದು ಕೊಂಬೆ ನೋಡಿ ಆಗಿರಲಾರದು.

ದೊಡ್ಡವರೂ ಅಭ್ಯಾಸಕ್ಕೆ ಬಿದ್ದದ್ದುಂಟು. ರೆಂಬ್ರಾಂಟ್ 1650ರಲ್ಲಿ ಒಂದು ಶಂಕುವಿನಾಕಾರದ ಚಿಪ್ಪನ್ನು ತಾಮ್ರದ ತಗಡಿನ ಮೇಲೆ ಕಂಡ ಹಾಗೆ ಕೊರೆದ. ಅಚ್ಚು ಹಾಕಿದಾಗ ಎಡ ಬಲವಾಗುತ್ತದೆಂದು ಅವನಿಗೆ ಗೊತ್ತು. ತನ್ನ ಸಹಿಯನ್ನು ಉಲ್ಟಾ ಕೊರೆದು ಸರಿಯಾಗಿ ಬರಿಸಿದ್ದಾನೆ. ಚಿಪ್ಪನ್ನು ಮಾತ್ರ ಹಾಗೇ ಬಿಟ್ಟ. ಅಚ್ಚಿನಲ್ಲಿ ಅದರ ಸುರುಳಿ ಅಸಲಿಗೆ ವಿರುದ್ಧ. ನಮ್ಮಲ್ಲಾದರೆ ಶಂಖ ಬಲಮುರಿಯೋ ಅಲ್ಲವೋ ಎಂದು ಪೂಜೆಯವರೂ ಕೇಳುತ್ತಾರೆ, ಮಾರುವವರೂ ಕೇಳುತ್ತಾರೆ, ಬೆಲೆ ನಿಂತಿರುವುದೇ ಅದರ ಮೇಲೆ. ಚಿತ್ರ ಶ್ರೇಷ್ಠವೇ, ನನ್ನ ತಕರಾರಿಲ್ಲ. ಸಹಿಯ ವಿಷಯದಲ್ಲಿ ಇದ್ದ ಎಚ್ಚರ ಚಿಪ್ಪಿನ ವಿಷಯದಲ್ಲಿ ಇರಲಿಲ್ಲವಲ್ಲ, ಅದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಈಗ ಕಲೆ ಮತ್ತು ವಿಜ್ಞಾನದ ಸಂಗಮ ಎಂದು ಗ್ಯಾಲರಿಗಳಲ್ಲಿ ಬಹಳ ನಡೆಯುತ್ತದೆ. ಕೆಲವು ನನಗೆ ಒಗ್ಗುವುದಿಲ್ಲ. ಹ್ಯೂಬರ್ಟ್ ದ್ಯುಪ್ರಾ ಎಂಬ ಫ್ರೆಂಚ್ ಕಲಾವಿದನ ಕೆಲಸ ಮಾತ್ರ ಬಿಡಲಾಗದೆ ನೋಡಿದ್ದೇನೆ. ಹಳ್ಳದ ಕಲ್ಲಿನಡಿ ಮರಳು, ಕಡ್ಡಿಚೂರು ಅಂಟಿಸಿಕೊಂಡು ಗೂಡು ಹೊತ್ತು ತಿರುಗುವ ಹುಳ ಇದೆಯಲ್ಲ, ಕ್ಯಾಡಿಸ್ ನೊಣದ ಮರಿ, ಅದನ್ನು ಗೂಡಿನಿಂದ ಬಿಡಿಸಿ ಚಿನ್ನದ ಚೂರು, ಮುತ್ತು, ಹರಳು ಇರುವ ನೀರಿಗೆ ಬಿಡುತ್ತಾನೆ. ಹುಳ ಅದರಲ್ಲೇ ಗೂಡು ಕಟ್ಟುತ್ತದೆ. 1980ರ ದಶಕದ ಆರಂಭದಿಂದ ಮಾಡುತ್ತಿದ್ದಾನೆ. ಹುಳದ ಸ್ವಭಾವ ತಿಳಿಯದೆ ಇದು ಆಗುವಂಥದ್ದಲ್ಲ, ಒಪ್ಪಿದೆ. ನಮ್ಮ ಹಳ್ಳದ ಮರಳಿನ ಗೂಡೇ ನನಗೆ ಸಾಕು ಅನ್ನಿಸಿತು. ಅದು ನನ್ನ ಮಲೆನಾಡಿನ ಜಿಪುಣತನವೂ ಇರಬಹುದು. ಕಲೆ, ವಿಜ್ಞಾನ ಕೂಡಿದ ಕೆಲಸ ನಮ್ಮಲ್ಲೂ ಹಿಂದೆಯೇ ಇತ್ತು: ಬೆಂಗಳೂರಿನ ಲಾಲ್‌ಬಾಗಿನಲ್ಲಿ ಜಾನ್ ಕ್ಯಾಮರಾನ್ ಮುಖ್ಯಸ್ಥನಾಗಿದ್ದ ಕಾಲದಲ್ಲಿ ಕೆ. ಚೆಲುವಯ್ಯ ರಾಜು ಅಲ್ಲಿನ ಗಿಡಗಳ ಚಿತ್ರ ಬರೆದಿಟ್ಟರು. ನಮ್ಮ ಕಲಾ ತರಗತಿಗಳಲ್ಲಿ ಅವರ ಹೆಸರು ಒಂದು ದಿನವೂ ಕೇಳಿಬರಲಿಲ್ಲ. ರವಿವರ್ಮ ಗೊತ್ತು, ಇವರು ಗೊತ್ತಿಲ್ಲ. ಹೂವಿನ ಚಿತ್ರ ಬರೆಯುವುದು ಗುಮಾಸ್ತಗಿರಿ ಎಂಬ ಅಸಡ್ಡೆ ನನಗೆ ಎಲ್ಲಿಂದ ಬಂತು ಎಂದು ಹುಡುಕಿದರೆ ಅಲ್ಲಿಗೂ ಹೋಗಬೇಕಾದೀತು.

ಮೇಡಂ ಮನೆಗೆ ಹೋಗಲು ಮುಖ ಇರಲಿಲ್ಲ. ನೋಟ್‌ಬುಕ್ ನೆಪ ಮಾಡಿಕೊಂಡು ಹೋದೆ. ಹೋಟೆಲಿನ ಮಾತು ಎತ್ತಲು ಬಾಯಿ ತೆರೆದೆ. “ಅದಿರಲಿ, ಮೂರೆಲೆ ಸುತ್ತು ಬಳ್ಳಿಯ ಯಾವ ಎತ್ತರದಲ್ಲಿ ಜಾಸ್ತಿ ಕಂಡ್ರಿ?” ಅಂತ ಕೇಳಿಬಿಟ್ಟರು. ಎತ್ತರ ನಾನು ಬರೆದಿಟ್ಟಿರಲಿಲ್ಲ.

ನನ್ನ ತೂತು ಮಾಡಿದ್ದು ಯಾರು ಎಂದು ಹುಡುಕಿಕೊಟ್ಟದ್ದೂ ಅವರೇ. ಪಾಲಿಟೆಲಾ ಗ್ಲೋರಿಯೋಸೆ ಎಂಬ ಪತಂಗದ ಮರಿಹುಳ. ಹೆಸರಿನಲ್ಲೇ ಗೌರಿ ಹೂವಿದೆ. ಕಪ್ಪು ಮೈ, ಬಿಳಿ ಕೆಂಪು ಚುಕ್ಕೆ, ಅಡಗುವ ಗೋಜೇ ಇಲ್ಲ. ಮನುಷ್ಯನನ್ನು ಕೊಲ್ಲುವ ಗಿಡವನ್ನೇ ಮೇಯುತ್ತದೆ. ಈ ವರ್ಷ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೆಲವನ್ನು ಸಾಕಿದ್ದೇನೆ, ಹೆಂಡತಿ ಆ ಕೋಣೆಗೆ ಕಾಲಿಡುವುದಿಲ್ಲ. ಪುಟ್ಟವಿದ್ದಾಗ ಎಲೆಯ ಹಸಿರನ್ನಷ್ಟೇ ಕೆರೆದು ತಿನ್ನುತ್ತವೆ, ತೆಳ್ಳನೆಯ ಪೊರೆ ಉಳಿಯುತ್ತದೆ. ದೊಡ್ಡವಾದ ಮೇಲೆ ಅಂಚಿನಿಂದ ಕಡಿಯುತ್ತಾ ಬರುತ್ತವೆ, ಕಡಿದ ಗೆರೆ ಒಳಕ್ಕೆ ಬಾಗಿರುತ್ತದೆ. ಅಂದು ನಾನು ಬರೆದ ತೂತಿನ ಅಂಚು ಬ್ಲೇಡಿನಿಂದ ಕೊಯ್ದ ಹಾಗಿತ್ತು. ಇದ್ದ ಹಾಗೆ ಬರೆದೆ ಎಂದು ಕೂಗಾಡಿದ ಚಿತ್ರದಲ್ಲೂ ತೂತು ಸುಳ್ಳೇ.

ಪುಸ್ತಕದ ಎರಡನೇ ಮುದ್ರಣಕ್ಕೆ ಮೇಡಂ ಕೆಲವು ಚಿತ್ರ ಕೇಳಿದ್ದಾರೆ. ಗೌರಿ ಹೂವಿನ ಪುಟ ಆ ಹುಡುಗಿಯದೇ ಇರಲಿ ಅಂದೆ. ಅವರಿಗೂ ಅದೇ ಸರಿ ಅನ್ನಿಸಿತ್ತು, ನಾನು ಹೇಳಲಿ ಎಂದು ಕಾದಿದ್ದರು. ಹುಳ, ತೂತು ಸಮೇತ ಇರುವ ನನ್ನ ಫಲಕವನ್ನು ಕೊನೆಗೆ ಸೇರಿಸಿ ಎಂದು ಕೇಳಿದ್ದಕ್ಕೆ ಮಾತ್ರ ಖಡಾಖಂಡಿತ ಇಲ್ಲ ಅಂದಿದ್ದಾರೆ: ಗುರುತು ಹಿಡಿಯುವ ಪುಸ್ತಕದಲ್ಲಿ ಅದು ಬೇಡ, ನಿಮ್ಮ ಪುಸ್ತಕ ನೀವು ಮಾಡ್ಕೊಳಿ. ಈ ವಿಷಯದಲ್ಲಿ ಇಬ್ಬರೂ ಬಗ್ಗಿಲ್ಲ. ಫಲಕದಲ್ಲಿ ಕೋಶದ ಜಾಗ ಇನ್ನೂ ಖಾಲಿಯಿದೆ. ಹುಳಗಳು ಮೊನ್ನೆ ಡಬ್ಬಿಯ ಮಣ್ಣಿಗೆ ಇಳಿದವು. ಅಗೆದು ನೋಡಲು ಹೋಗಬೇಡಿ ಎಂದು ಮೇಡಂ ಬೆಳಿಗ್ಗೆ ಫೋನ್ ಮಾಡಿ ಹೇಳಿದರು.